ಕುಸಿದ ಅಂಗಳ: ಎತ್ತುವುದಕ್ಕೂ ಮೊದಲು

(ಮಂಗಳೂರಿನ ಬಡಾವಣೆಯೊಂದರ ನಿವಾಸಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಕೊನೆಯಲ್ಲಿ ಸೇರಿಸಲಾಗಿದೆ.)

ಮಾನ್ಯರೇ,

ಮನೆಯ ಸುತ್ತಲಿನ ಕಾಂಕ್ರೀಟ್ ನೆಲ ಒಂದು ಕಡೆ ಕುಸಿದಾಗ ಅದನ್ನು ಒಡೆದು ತೆಗೆಯದೆ ಇದ್ದಂತೆಯೇ ಮೇಲಕ್ಕೆತ್ತಿ ಮಟ್ಟ ಮಾಡಲು ಸಾಧ್ಯವೇ ಎಂಬುದು ನೀವು ನನ್ನ ಮುಂದಿಟ್ಟಿರುವ ಪ್ರಶ್ನೆ. ಸಾಧ್ಯ. ಹಾಸಿನಲ್ಲಿ ತೂತು ಕೊರೆದು, ಅಡಿಯ ಪೊಳ್ಳಿಗೆ ಗ್ರೌಟನ್ನೋ (ಪಂಪಿನಲ್ಲಿ ಸಾಗುವಂತೆ ಕಲಸಿದ ಸಿಮೆಂಟ್ ಮಿಶ್ರಣ) ಉಬ್ಬುವ ರಾಸಾಯನಿಕ ಫೋಮನ್ನೋ ತಳ್ಳಿ ಎತ್ತುವ ಕೆಲಸ ಜಗತ್ತಿನಲ್ಲಿ ಹೊಸತಲ್ಲ; ಗ್ರೌಟ್ ತಳ್ಳಿ ಎತ್ತುವ ಕ್ರಮ ಅಮೆರಿಕದ ಹೆದ್ದಾರಿಗಳಲ್ಲಿ ಕಳೆದ ಶತಮಾನದ ಮೊದಲರ್ಧದಲ್ಲಿಯೇ ರೂಢಿಗೆ ಬಂದಿತ್ತು. ಆದರೆ ನಮ್ಮ ಕರಾವಳಿಯ ಅಂಗಳಗಳ ಮಟ್ಟಿಗೆ ಎತ್ತುವುದು ಕೆಲಸದ ಕೊನೆಯ ಭಾಗವೇ ಹೊರತು ಮೊದಲನೆಯದಲ್ಲ. ಹಾಸಿನ ಅಡಿಯಿಂದ ಮಣ್ಣು ಯಾಕೆ ಹೋಯಿತು, ಯಾವ ದಾರಿಯಲ್ಲಿ ಹೋಯಿತು ಎಂಬುದು ತಿಳಿಯದೆ ಎತ್ತಿದ ಹಾಸು ಮುಂದಿನ ಆಟಿ ತಿಂಗಳು (ಜುಲೈ-ಆಗಸ್ಟಿನ ಜೋರು ಮಳೆಯ ಕಾಲ) ಮುಗಿಯುವುದರೊಳಗೆ ಮತ್ತೆ ಕುಳಿತುಕೊಳ್ಳುತ್ತದೆ. ಆದ್ದರಿಂದ ಇವತ್ತಿನ ಸಮಯದ ಹೆಚ್ಚು ಪಾಲನ್ನು ಮಣ್ಣಿಗೂ ನೀರಿಗೂ ಕೊಟ್ಟು, ಯಂತ್ರಗಳ ವಿಚಾರವನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಗೆರೆ ಎಳೆದುಕೊಳ್ಳೋಣ. ನಾನು ಮಾತಾಡುತ್ತಿರುವುದು ನೆಲದ ಮೇಲೆ ನೇರವಾಗಿ ಕೂತಿರುವ ಹಾಸುಗಳ ಬಗ್ಗೆ ಮಾತ್ರ: ಅಂಗಳ, ಕಾರು ನಿಲ್ಲಿಸುವ ಪೋರ್ಟಿಕೊದ ನೆಲ, ಗೇಟಿನಿಂದ ಮೆಟ್ಟಿಲವರೆಗಿನ ದಾರಿ, ಬಾವಿಕಟ್ಟೆಯ ಸುತ್ತಿನ ನೆಲ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಜಾಗ. ಇವು ಮನೆಯ ಭಾರ ಹೊರುವುದಿಲ್ಲ. ತಮ್ಮ ಭಾರವನ್ನೂ ಮೇಲೆ ಓಡಾಡುವವರ ಭಾರವನ್ನೂ ಅಡಿಯ ಮಣ್ಣಿಗೆ ದಾಟಿಸುತ್ತವೆ, ಅಷ್ಟೆ. ಮನೆಯ ಗೋಡೆ ನಿಂತಿರುವ ಪಂಚಾಂಗದ, ಅಂದರೆ ಅಡಿಪಾಯದ, ಮಾತೇ ಬೇರೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿದ್ದರೆ, ಕೆಂಪುಕಲ್ಲಿನ ಗೋಡೆಯಲ್ಲಿ ಆ ಬಿರುಕು ಕಲ್ಲಿನ ಸಂದುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದರೆ, ಸರಿಯಾಗಿದ್ದ ಬಾಗಿಲು ಈಗ ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತಿದ್ದರೆ, ಪೋರ್ಟಿಕೊದ ಕಂಬವೇ ವಾಲಿದ್ದರೆ, ಅದು ಅಂಗಳ ಎತ್ತುವವರು ಮುಟ್ಟಬೇಕಾದ ಕೆಲಸವಲ್ಲ. ಅಂಥ ಕಡೆ ಸ್ಟ್ರಕ್ಚರಲ್ ಎಂಜಿನಿಯರರೇ ಬಂದು ನೋಡಬೇಕು.

ಇನ್ನು ಮಣ್ಣು. ತುಳುನಾಡಿನ ರೈತರು ಭೂಮಿಯನ್ನು ಬೆಟ್ಟು (ಎತ್ತರದ ನೆಲ), ಮಜಲು (ನಡುವಣ ನೆಲ), ಬೈಲು (ತಗ್ಗಿನ ನೆಲ) ಎಂದು ವಿಂಗಡಿಸಿದ್ದು ಬೇಸಾಯಕ್ಕಾಗಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಇಳಿದು ಹೋಗುತ್ತದೆ ಎಂಬ ತಿಳಿವಳಿಕೆಯೇ ಅದರ ಆಧಾರ. ಮನೆ ಕಟ್ಟುವವರಿಗೂ ಆ ವಿಂಗಡಣೆ ಇಂದಿಗೂ ಬೇಕು. ಬೈಲಿನ ಗದ್ದೆಯನ್ನು ತುಂಬಿಸಿ ಮಾಡಿದ ಸೈಟಿನಲ್ಲಿ ಅಡಿಯ ಕೆಸರುಮಣ್ಣು ವರ್ಷಗಟ್ಟಲೆ ಕುಗ್ಗುತ್ತಾ ಹೋಗುತ್ತದೆ, ಅದರ ಮೇಲೆ ಲಾರಿಯಿಂದ ಸುರಿದ ಮಣ್ಣು ತನ್ನಷ್ಟಕ್ಕೆ ಕುಗ್ಗುತ್ತದೆ. ಹಾಸು ಈ ಎರಡೂ ಕುಸಿತಗಳ ಮೊತ್ತವನ್ನು ತೋರಿಸುತ್ತದೆ. ಒಂದೂವರೆ ಮೀಟರ್ ಎತ್ತರಕ್ಕೆ ಧಮ್ಮಸ್ಸು ಹೊಡೆಯದೆ ಸುರಿದ ಮಣ್ಣು ಹತ್ತರಲ್ಲೊಂದು ಪಾಲು ಕುಗ್ಗಿದರೂ ಅರ್ಧ ಅಡಿ ತಗ್ಗಾಯಿತು. ಉಳ್ಳಾಲ, ಮಲ್ಪೆಯಂಥ ಕಡಲಂಚಿನ ಹೊಯಿಗೆ (ಮರಳು) ನೆಲ ಅಷ್ಟಾಗಿ ಕುಗ್ಗುವುದಿಲ್ಲ. ಆದರೆ ಕಾಂಪೌಂಡಿನ ಸಂದಿಯಲ್ಲಿ ದಾರಿ ಸಿಕ್ಕಿದರೆ ಸಾಕು, ನೀರಿನ ಜೊತೆಗೆ ಹೊಯಿಗೆಯೂ ಹೊರಟುಹೋಗುತ್ತದೆ.

ನಮ್ಮಲ್ಲಿ ಹೆಚ್ಚು ತೊಂದರೆ ಕೊಡುವುದು ಇಳಿಜಾರಿನ ಸೈಟುಗಳು. ಕುಲಶೇಖರ, ಶಕ್ತಿನಗರದ ಕಡೆ ಆಗಲಿ, ಮಣಿಪಾಲದಿಂದ ಪರ್ಕಳದ ಕಡೆ ಇಳಿಯುವ ದಾರಿಯಲ್ಲಾಗಲಿ, ಸೈಟು ಮಾಡುವ ಕ್ರಮ ಒಂದೇ: ಮೇಲಿನ ಬದಿಯ ದರೆಯನ್ನು (ಗುಡ್ಡದ ಕಡಿದಾದ ಬದಿಯನ್ನು) ಜೇಸಿಬಿಯಲ್ಲಿ ಕಡಿಯುವುದು, ಕಡಿದ ಮಣ್ಣನ್ನು ಕೆಳಗಿನ ಬದಿಗೆ ತಳ್ಳುವುದು, ಅಂಚಿಗೆ ಒಂದು ತಡೆಗೋಡೆ ಕಟ್ಟುವುದು. ಹೀಗೆ ಒಂದೇ ಸೈಟಿನಲ್ಲಿ ಅರ್ಧ ಕಡಿದ ಗಟ್ಟಿ ನೆಲ, ಅರ್ಧ ತುಂಬಿಸಿದ ನೆಲ. ಮನೆ ಸಾಮಾನ್ಯವಾಗಿ ಗಟ್ಟಿ ಭಾಗದಲ್ಲಿ ನಿಲ್ಲುತ್ತದೆ, ಅಂಗಳ ತುಂಬಿಸಿದ ಭಾಗಕ್ಕೆ ಬೀಳುತ್ತದೆ. ಅಂಗಳದ ನಡುವೆ ತಡೆಗೋಡೆಗೆ ಸಮಾನಾಂತರವಾಗಿ ಉದ್ದಕ್ಕೆ ಒಂದು ಬಿರುಕು ಬಿದ್ದಿದ್ದರೆ, ಕಡಿದ ನೆಲ ಮುಗಿದು ತುಂಬಿಸಿದ ನೆಲ ಶುರುವಾಗುವುದು ಬಹುಶಃ ಅಲ್ಲೇ. ಮನೆ ಕಟ್ಟಿದ ಮೇಸ್ತ್ರಿ ಹಳಬರಾಗಿದ್ದರೆ ಅವರನ್ನೊಮ್ಮೆ ಕೇಳಿ ನೋಡಿ. ಎಷ್ಟು ಮಣ್ಣು ಎಲ್ಲಿಗೆ ತಳ್ಳಿದ್ದೆಂಬುದು ನಕ್ಷೆಯಲ್ಲಿ ಇರುವುದಿಲ್ಲ, ಅವರ ನೆನಪಿನಲ್ಲಿರುತ್ತದೆ.

ಕಡಿದ ಮಣ್ಣು ಯಾವುದೆಂಬುದೂ ಮುಖ್ಯ. ನಮ್ಮ ಗುಡ್ಡಗಳ ಮೇಲ್ಭಾಗದಲ್ಲಿ ಗಟ್ಟಿ ಮುರಕಲ್ಲಿನ (ಕೆಂಪುಕಲ್ಲಿನ) ಪದರವಿದೆ. ಬಂಟ್ವಾಳ, ಪುತ್ತೂರು, ಕಾಸರಗೋಡಿನ ಕಡೆ ಗುಡ್ಡದೊಳಕ್ಕೆ ಅಡ್ಡಲಾಗಿ ಸುರಂಗ ತೋಡಿ ನೀರು ತಂದವರು ನಂಬಿದ್ದು ಈ ನೆಲದ ಗಟ್ಟಿತನವನ್ನೇ. ಊರುಗೋಲಿಲ್ಲದೆಯೂ ಆ ಸುರಂಗಗಳ ಮೇಲ್ಭಾಗ ತಲೆಮಾರುಗಳ ಕಾಲ ನಿಂತಿದೆ. ಆದರೆ ಆ ಪದರದ ಅಡಿಯಲ್ಲಿ, ಕೆಲವೆಡೆ ಒಂದೆರಡು ಮೀಟರಿನಲ್ಲೇ, ಬಿಳಿ, ಗುಲಾಬಿ, ಹಳದಿ ಬಣ್ಣಗಳು ಬೆರೆತ ನಯವಾದ ಶೇಡಿ ಮಣ್ಣು ಸಿಗುತ್ತದೆ. ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯ ಸಿವಿಲ್ ವಿಭಾಗದವರು ಬಹುಕಾಲದಿಂದ ಅಧ್ಯಯನ ಮಾಡುತ್ತಾ ಬಂದಿರುವ ಮಣ್ಣಿದು. ಒಣಗಿರುವಾಗ ನೆಟ್ಟಗೆ ಕಡಿದರೂ ನಿಲ್ಲುತ್ತದೆ. ನೀರು ಕುಡಿದ ಮೇಲೆ ಬಲ ಕಳೆದುಕೊಳ್ಳುತ್ತದೆ, ಅದರ ನಯವಾದ ಕಣಗಳು ಹರಿಯುವ ನೀರಿನೊಂದಿಗೆ ಸುಲಭವಾಗಿ ಎದ್ದು ಹೋಗುತ್ತವೆ. ದರೆ ಕಡಿಯುವಾಗ ಸಿಕ್ಕಿದ ಶೇಡಿಯನ್ನೇ ಅಂಗಳಕ್ಕೆ ತುಂಬಿಸಿ ಮೇಲೆ ಕಾಂಕ್ರೀಟ್ ಹಾಕಿದವರ ಮನೆಯಲ್ಲಿ ಹಾಸು ಕುಸಿದರೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ.

ಹೊರದೇಶದ ಸಲಹೆಗಳನ್ನು ಓದುವಾಗ ಇದೊಂದನ್ನು ಗಮನದಲ್ಲಿ ಇಟ್ಟುಕೊಳ್ಳಿ. ಚಳಿ ದೇಶಗಳಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಹಾಸನ್ನು ಎತ್ತುತ್ತದೆ, ಕರಗಿದಾಗ ಇಳಿಸುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುತ್ತದೆ. ಅಲ್ಲಿಯವರು ಹೇಳುವ ಮುನ್ನೆಚ್ಚರಿಕೆಗಳಲ್ಲಿ ಅರ್ಧಕ್ಕರ್ಧ ನಮಗೆ ಸಂಬಂಧಿಸಿದ್ದಲ್ಲ. ನಮ್ಮಲ್ಲಿ ಮಣ್ಣು ಉಬ್ಬುವುದು ಅಪರೂಪ. ಕುಗ್ಗುತ್ತದೆ, ಇಲ್ಲವೇ ಕೊಚ್ಚಿ ಹೋಗುತ್ತದೆ.

ಕೊಚ್ಚುವ ನೀರು ಎಷ್ಟೆಂಬುದನ್ನು ಒಮ್ಮೆ ಲೆಕ್ಕ ಹಾಕೋಣ. ಮಂಗಳೂರು, ಉಡುಪಿಗಳಲ್ಲಿ ವರ್ಷಕ್ಕೆ 3,500 ಮಿ.ಮೀ. ಮಳೆ ಎಂದರೆ ಅದು ಉತ್ಪ್ರೇಕ್ಷೆಯಲ್ಲ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. 100 ಚದರ ಮೀಟರಿನ ಒಂದು ಮಾಡಿನ (ಛಾವಣಿಯ) ಮೇಲೆ ಬೀಳುವ ನೀರು ವರ್ಷಕ್ಕೆ 3,50,000 ಲೀಟರ್. 100 ಮಿ.ಮೀ. ಮಳೆ ಬಿದ್ದ ಒಂದು ದಿನಕ್ಕೆ 10,000 ಲೀಟರ್, ಅಂದರೆ ಒಂದು ದೊಡ್ಡ ಟ್ಯಾಂಕರಿನಷ್ಟು. ಹಂಚಿನ ಮನೆಗಳಲ್ಲಿ ಈ ನೀರು ಸೂರಿನ ಉದ್ದಕ್ಕೂ ಹಂಚಿಹೋಗಿ ಬೀಳುತ್ತಿತ್ತು. ಬೀಳುವಲ್ಲಿ ಕಲ್ಲು ಹಾಸಿರುತ್ತಿದ್ದರು, ಅಲ್ಲಿಂದ ಕಣಿಯಲ್ಲಿ (ಸಣ್ಣ ಕಾಲುವೆಯಲ್ಲಿ) ತೋಟಕ್ಕೋ ತೋಡಿಗೋ (ಹಳ್ಳಕ್ಕೋ) ಹೋಗುತ್ತಿತ್ತು. ಟೆರೇಸಿನ ಮನೆಯಲ್ಲಿ ಅದೇ ನೀರು ಮೂರು ಪೈಪುಗಳ ಪಾಲಾಗುತ್ತದೆ. ಒಂದೊಂದು ಪೈಪು ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿದ ಲೀಟರ್ ನೀರನ್ನು ಅಂಗಳದ ಒಂದೇ ಮೂಲೆಗೆ ಸುರಿಯುತ್ತದೆ. ಆ ಮೂಲೆ ಮೊದಲು ಕುಸಿದದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಈಚೆಗೆ ಇನ್ನೊಂದು ಸಂಗತಿ ಸೇರಿಕೊಂಡಿದೆ. ಟೆರೇಸ್ ಸೋರುತ್ತದೆಂದು ಮೇಲೊಂದು ಶೀಟಿನ ಮಾಡು ಹಾಕಿಸದ ಮನೆ ಈಗ ನಮ್ಮ ಊರಿನಲ್ಲಿ ಕಡಿಮೆ. ಶೀಟ್ ಬಂದ ಮೇಲೆ ಹಳೆಯ ಪೈಪುಗಳಿಗೆ ನೀರೇ ಹೋಗುವುದಿಲ್ಲ. ಟೆರೇಸಿನ ಗೋಡೆಯಿಂದ ಎರಡಡಿ ಹೊರಚಾಚಿದ ಶೀಟಿನ ಅಂಚಿನಿಂದ, ಎರಡು ಮಾಳಿಗೆಯ ಎತ್ತರದಿಂದ, ನೀರು ನೇರವಾಗಿ ಅಂಗಳಕ್ಕೆ ಬೀಳುತ್ತದೆ. ಹಾಸಿಗೂ ಮನೆಯ ಪಂಚಾಂಗಕ್ಕೂ ನಡುವಣ ಸಂದು ಸಾಮಾನ್ಯವಾಗಿ ಅದರ ಹತ್ತಿರದಲ್ಲೇ ಇರುತ್ತದೆ. ಶೀಟಿನ ಅಂಚಿಗೆ ನೀರು ಹಿಡಿಯುವ ದೋಣಿ ಹಾಕಿಸುವ ಖರ್ಚು ಉಳಿಸಿದವರು ಅದನ್ನು ಅಂಗಳಕ್ಕೆ ಬಡ್ಡಿ ಸಹಿತ ಕಟ್ಟುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ.

ಉಳಿದ ಕಾರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ: ಸ್ನಾನದ ಮನೆಯ ನೀರಿನ ಪೈಪಿನ ಜೋಡಣೆ ಬಿಟ್ಟಿರುವುದು, ಹೆಗ್ಗಣದ ಬಿಲ, ಕಡಿದ ತೆಂಗಿನ ಬುಡ ಅಡಿಯಲ್ಲೇ ಕೊಳೆತು ಪೊಳ್ಳಾಗಿರುವುದು, ನೀರಿನ ಪೈಪು ಅಥವಾ ಕೇಬಲ್ ಹಾಕಲು ಅಗೆದ ಕಣಿಯನ್ನು ಕಾಲಿನಲ್ಲಿ ತುಳಿದಷ್ಟೇ ಮುಚ್ಚಿರುವುದು. ಈ ಕೊನೆಯದರ ಗುರುತು ಸುಲಭ. ಕುಸಿತ ಒಂದು ಪಟ್ಟಿಯಾಗಿ, ಕಣಿಯ ಅಗಲಕ್ಕೆ ಸರಿಯಾಗಿ ಇರುತ್ತದೆ.

ಈಗ ಪರೀಕ್ಷೆ. ಇದಕ್ಕೆ ಬೇಕಾದ ಸಾಮಾನುಗಳು ಹೆಚ್ಚೆಂದರೆ ಒಂದು ಸಣ್ಣ ಸುತ್ತಿಗೆ, ಗಾರೆಯವರ ನೂಲು, ಮಟ್ಟ ನೋಡುವ ಪಾರದರ್ಶಕ ಪೈಪು, ಸೀಮೆಸುಣ್ಣ. ಹಾಸನ್ನು ಒಂದೊಂದು ಅಡಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಅಡಿಯಲ್ಲಿ ಮಣ್ಣು ತಾಗಿಕೊಂಡಿರುವಲ್ಲಿ ಸದ್ದು ಮೊಂಡಾಗಿ ಅಲ್ಲೇ ನಿಲ್ಲುತ್ತದೆ, ಪೊಳ್ಳಾಗಿರುವಲ್ಲಿ ಚೆಂಡೆಯ ಹಾಗೆ ಗುಂಯ್‌ಗುಡುತ್ತದೆ. ಸದ್ದು ಬದಲಾದ ಜಾಗಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಜೋಡಿಸಿದರೆ ಪೊಳ್ಳಿನ ಆಕಾರ ನೆಲದ ಮೇಲೆಯೇ ಮೂಡುತ್ತದೆ. ಕುಸಿದು ಕಾಣುವ ಜಾಗಕ್ಕಿಂತ ಪೊಳ್ಳಿನ ಜಾಗ ದೊಡ್ಡದಿರುವುದೇ ಹೆಚ್ಚು. ಹಾಸು ಇನ್ನೂ ಮುರಿಯದೆ ಸೇತುವೆಯಾಗಿ ನಿಂತಿರುವ ಭಾಗ ಅದು. ಆಮೇಲೆ ಆ ಗುರುತಿನ ನಡುವೆ 10 ಅಥವಾ 12 ಮಿ.ಮೀ. ತೂತು ಕೊರೆದು, ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿದ ಗಟ್ಟಿ ತಂತಿಯೊಂದನ್ನು ಇಳಿಸಿ, ಕೊಕ್ಕೆಯನ್ನು ಹಾಸಿನ ಕೆಳಮೈಗೆ ಸಿಕ್ಕಿಸಿ ಒಮ್ಮೆ ಅಳೆಯಿರಿ, ತಂತಿಯನ್ನು ಮಣ್ಣು ತಾಗುವವರೆಗೆ ಇಳಿಸಿ ಮತ್ತೊಮ್ಮೆ ಅಳೆಯಿರಿ. ಮೊದಲ ಅಳತೆ ಹಾಸಿನ ದಪ್ಪ. ಎರಡರ ವ್ಯತ್ಯಾಸ ಪೊಳ್ಳಿನ ಆಳ. ಗುತ್ತಿಗೆದಾರರೊಂದಿಗೆ ಮಾತಿಗೆ ಕೂರುವ ಮೊದಲು ಈ ಎರಡು ಅಂಕಿಗಳು ನಿಮ್ಮ ಕೈಯಲ್ಲಿರಬೇಕು.

ಮಳೆಗಾಲದಲ್ಲಿ ನೋಡಬೇಕಾದದ್ದು ಬೇರೆ. ಜೋರು ಮಳೆಯ ಹೊತ್ತಿನಲ್ಲಿ ಕೊಡೆ ಹಿಡಿದು ಅಂಗಳಕ್ಕಿಳಿದು, ನೀರು ಎಲ್ಲಿ ನಿಲ್ಲುತ್ತದೆ ಎಂಬುದಕ್ಕಿಂತ ಎಲ್ಲಿ ಕಾಣೆಯಾಗುತ್ತದೆ ಎಂದು ನೋಡಿ. ಸಂದಿನಲ್ಲಿ ಸುಳಿಯಾಗಿ ಇಳಿಯುವ ನೀರು ಕೆಳಗಿನ ತಡೆಗೋಡೆಯ ತೂತಿನಲ್ಲೋ ಚರಂಡಿಯ ಬದಿಯಲ್ಲೋ ಹೊರಬರುತ್ತದೆ. ಬರುವ ನೀರು ತಿಳಿಯಾಗಿದ್ದರೆ ಗಾಬರಿ ಬೇಡ. ಕೆಂಪಾಗಿಯೋ ಹಾಲುಬಿಳುಪಾಗಿಯೋ ಬರುತ್ತಿದ್ದರೆ ನಿಮ್ಮ ಅಂಗಳದ ಅಡಿಯ ಮಣ್ಣೇ ಅದರಲ್ಲಿ ಹೋಗುತ್ತಿದೆ. ಮಳೆ ನಿಂತು ವಾರಗಳಾದರೂ ಹಾಸಿನ ಅಂಚಿನಲ್ಲಿ ಒಂದು ಕಡೆ ಮಾತ್ರ ಪಾಚಿ ಹಸುರಾಗಿ ಉಳಿದಿದ್ದರೆ ಅಲ್ಲಿಗೆ ಪೈಪಿನ ಸೋರಿಕೆಯೋ ದರೆಯ ಒರತೆಯೋ ಇದೆ ಎಂದು ತಿಳಿಯಬೇಕು. ಬಿರುಕಿನ ಎರಡು ಬದಿಗೂ ಪೆನ್ಸಿಲಿನಲ್ಲಿ ಗುರುತು ಹಾಕಿ, ದಿನಾಂಕ ಬರೆದು, ಅಗಲ ಅಳೆದಿಡಿ. ಒಂದು ಮಳೆಗಾಲ ಕಳೆದರೂ ಅಳತೆ ಬದಲಾಗದಿದ್ದರೆ ಮಣ್ಣು ಕುಗ್ಗುವಷ್ಟು ಕುಗ್ಗಿ ಮುಗಿದಿದೆ ಎಂದರ್ಥ. ಎತ್ತುವ ಕೆಲಸಕ್ಕೆ ಅಂಥ ಅಂಗಳವೇ ಸರಿ.

ಮಣಿಪಾಲದ ಕಡೆಯ ಒಂದು ಮನೆಯ ಉದಾಹರಣೆ ಕೊಡುತ್ತೇನೆ. ಪೋರ್ಟಿಕೊದ ಹೊರಮೂಲೆ ಎರಡು ಇಂಚು ಇಳಿದಿತ್ತು. ಮನೆಯವರು ಗುತ್ತಿಗೆದಾರರೊಬ್ಬರನ್ನು ಕರೆಸಿ ಗ್ರೌಟ್ ತಳ್ಳಿಸಿ ಎತ್ತಿಸಿದರು. ಕೆಲಸ ನೀಟಾಗಿಯೇ ಆಗಿತ್ತು. ಆದರೆ ಟೆರೇಸಿನಿಂದ ಬರುವ ಪೈಪಿನ ಬಾಯಿ ಅದೇ ಮೂಲೆಯಲ್ಲಿ ಮೊದಲಿನಂತೆಯೇ ಇತ್ತು. ಮುಂದಿನ ಮಳೆಗಾಲದ ಕೊನೆಗೆ ಹಾಸು ತಗ್ಗಿದ್ದು ಮಾತ್ರವಲ್ಲ, ಅಡಿಗೆ ತಳ್ಳಿದ ಗ್ರೌಟ್ ಒಂದು ಚಪ್ಪಡಿಯಾಗಿ ಹಾಸಿಗೆ ಅಂಟಿಕೊಂಡು, ಅದರ ಕೆಳಗೆ ಹೊಸದೊಂದು ಪೊಳ್ಳು ಆಗಿತ್ತು. ಆಮೇಲೆ ಆದ ಕೆಲಸ ಇಷ್ಟೇ: ಪೈಪಿನ ಕೆಳಗೊಂದು ಚೇಂಬರ್ ಕಟ್ಟಿ, ಅಲ್ಲಿಂದ ಆರಿಂಚಿನ ಪೈಪಿನಲ್ಲಿ ನೀರನ್ನು ರಸ್ತೆಬದಿಯ ಚರಂಡಿಗೆ ಸೇರಿಸಿದ್ದು. ಹಾಸನ್ನು ಎತ್ತಿದ್ದು ಅದಾದ ಮೇಲೆ.

ಎತ್ತಲೇಬಾರದ ಜಾಗಗಳನ್ನೂ ಹೇಳಬೇಕು. ಹಳೆಯ ಬಾವಿಯನ್ನು ಕಸ, ಕಲ್ಲುಮಣ್ಣು ಹಾಕಿ ಮುಚ್ಚಿದ ಜಾಗ, ಕೆಂಪುಕಲ್ಲು ಕಡಿದ ಹಳೆಯ ಕೋರೆಯನ್ನು ತುಂಬಿಸಿದ ಜಾಗ, ಸೆಪ್ಟಿಕ್ ಟ್ಯಾಂಕಿನ ಮೇಲ್ಭಾಗ. ಇಲ್ಲೆಲ್ಲ ಕುಸಿತ ಕಂಡರೆ ಮೊದಲು ಜನರನ್ನೂ ವಾಹನವನ್ನೂ ದೂರ ಇಡಬೇಕು, ಆಮೇಲೆ ತೆಗೆದು ನೋಡಬೇಕು. ಪೊಳ್ಳಿನ ಆಳವೇ ತಿಳಿಯದ ಕಡೆ ಗ್ರೌಟ್ ತಳ್ಳುತ್ತಾ ಹೋದರೆ ಮೂಟೆಗಟ್ಟಲೆ ಸಿಮೆಂಟ್ ಮಾಯವಾಗುತ್ತದೆ, ಹಾಸು ಏಳುವುದಿಲ್ಲ. ತಡೆಗೋಡೆಯ ಮೇಲಿನ ಅಂಗಳದ್ದು ಇನ್ನೂ ಸೂಕ್ಷ್ಮ ವಿಚಾರ. ಒತ್ತಡದಲ್ಲಿ ತಳ್ಳಿದ ಗ್ರೌಟ್ ಹಾಸನ್ನು ಎತ್ತುವುದರ ಜೊತೆಗೆ ಗೋಡೆಯನ್ನು ಹೊರಕ್ಕೂ ನೂಕುತ್ತದೆ. ಅದು ಹರಿದು ಗೋಡೆಯ ನೀರುತೂತುಗಳನ್ನು ಮುಚ್ಚಿಬಿಟ್ಟರೆ ಮುಂದಿನ ಮಳೆಯ ನೀರೆಲ್ಲ ಗೋಡೆಯ ಬೆನ್ನಿಗೆ ನಿಲ್ಲುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಬೀಳುವ ತಡೆಗೋಡೆಗಳಲ್ಲಿ ಬಹಳಷ್ಟು ಬೀಳುವುದು ಮಣ್ಣಿನ ಭಾರಕ್ಕಿಂತ ಹೆಚ್ಚಾಗಿ ಈ ನೀರಿನ ಭಾರಕ್ಕೆ. ಗೋಡೆ ಹೊಟ್ಟೆ ಬಿಟ್ಟಿದ್ದರೆ ಅಥವಾ ಅದರಲ್ಲಿ ನೀರುತೂತುಗಳೇ ಇಲ್ಲದಿದ್ದರೆ ಅಂಗಳದ ಮಾತು ಬಿಡಿ, ಮೊದಲು ಗೋಡೆಯನ್ನು ನೋಡಿಸಿ.

ಇಷ್ಟೆಲ್ಲ ನೋಡಿದ ಮೇಲೆ ಎತ್ತುವ ವಿಧಾನಕ್ಕೆ ಬರೋಣ. ಒಂದು ಘನ ಮೀಟರ್ ಕಾಂಕ್ರೀಟ್ 2,400 ಕೆ.ಜಿ. ತೂಗುತ್ತದೆ. 100 ಮಿ.ಮೀ. ದಪ್ಪದ, 3 ಮೀಟರ್‌ಗೆ 5 ಮೀಟರಿನ ಪೋರ್ಟಿಕೊ ಹಾಸಿನ ತೂಕ 3,600 ಕೆ.ಜಿ. ಅಂಕಿ ದೊಡ್ಡದಾಗಿ ಕಂಡರೂ ಅದನ್ನು ವಿಸ್ತೀರ್ಣಕ್ಕೆ ಹಂಚಿದರೆ ಚದರ ಸೆಂಟಿಮೀಟರಿಗೆ ಬರುವುದು 24 ಗ್ರಾಂ ಮಾತ್ರ. ಕಾರಿನ ಟೈರಿನಲ್ಲಿರುವ ಒತ್ತಡದ ಸುಮಾರು ನೂರರಲ್ಲೊಂದು ಪಾಲು. ಆದ್ದರಿಂದ ಎತ್ತುವುದಕ್ಕೆ ದೊಡ್ಡ ಶಕ್ತಿಯೇನೂ ಬೇಡ, ಒತ್ತಡ ಹಾಸಿನಡಿಯಲ್ಲಿ ಅಗಲವಾಗಿ ಹರಡಿದರೆ ಸಾಕು. ಅವಸರದಲ್ಲಿ ಒಂದೇ ತೂತಿನಿಂದ ತಳ್ಳಿದಾಗ ಹಾಸು ಮುರಿಯುವುದೂ ಇದೇ ಕಾರಣಕ್ಕೆ.

ಗ್ರೌಟಿನ ಕ್ರಮದಲ್ಲಿ 40ರಿಂದ 50 ಮಿ.ಮೀ. ಅಗಲದ ತೂತುಗಳನ್ನು ಮೀಟರಿಗೊಂದು, ಒಂದೂವರೆ ಮೀಟರಿಗೊಂದರಂತೆ ಕೊರೆಯುತ್ತಾರೆ. ನಯವಾದ ಜಲ್ಲಿಹುಡಿಗೆ ಸ್ವಲ್ಪ ಸಿಮೆಂಟ್ ಸೇರಿಸಿ, ಪಂಪಿನಲ್ಲಿ ಸಾಗುವಷ್ಟು ಮಾತ್ರ ನೀರು ಹಾಕಿ ಕಲಸುತ್ತಾರೆ. ಹಾಸಿನ ಮೇಲೆ ಅಂಗೈ ಎತ್ತರದಲ್ಲಿ ನೂಲು ಬಿಗಿದು, ಪ್ರತಿ ತೂತಿನ ಬಳಿ ನೂಲಿಗೂ ಹಾಸಿಗೂ ಇರುವ ಅಂತರವನ್ನು ಅಳೆದು ಬರೆದಿಡುವುದು ಮೊದಲ ಕೆಲಸ. ಪಂಪು ಶುರುವಾದಾಗ ಒಡನೆ ಏನೂ ಕಾಣುವುದಿಲ್ಲ, ಗ್ರೌಟ್ ಪೊಳ್ಳನ್ನು ತುಂಬುತ್ತಿರುತ್ತದೆ. ಬಿರುಕುಗಳ ಸಂದಿಯಿಂದ ಗಾಳಿ ಹೊರಟು ದೂಳು ಅಲುಗುತ್ತದೆ. ಪಕ್ಕದ ತೂತಿನಲ್ಲಿ ಗ್ರೌಟ್ ಮೇಲೆ ಬಂದಾಗ ಅದಕ್ಕೆ ಮರದ ಬಿರಡೆ ಹೊಡೆಯುತ್ತಾರೆ. ನೂಲಿನ ಅಂತರ ಕಡಿಮೆಯಾಗಲು ಶುರುವಾಗುವುದು ಅಲ್ಲಿಂದ ಮೇಲೆ. ಒಂದು ತೂತಿನಲ್ಲಿ ಒಂದು ಸಲಕ್ಕೆ ಐದಾರು ಮಿ.ಮೀ.ಗಿಂತ ಹೆಚ್ಚು ಎತ್ತದೆ, ಎಲ್ಲ ತೂತುಗಳಿಗೂ ಸುತ್ತು ಬಂದು ಮತ್ತೆ ಮೊದಲನೆಯದಕ್ಕೆ ಮರಳುವುದೇ ಈ ಕೆಲಸದ ಜಾಣತನ. ಪಂಪಿನವನು ಒಬ್ಬ, ನೂಲು ನೋಡುವವನು ಇನ್ನೊಬ್ಬ ಇರಬೇಕು. ನೂಲು ನೋಡುವವನ ಮಾತೇ ನಡೆಯಬೇಕು. ಹಾಸು ಪೋರ್ಟಿಕೊದ ಕಂಬಕ್ಕೋ ಪಂಚಾಂಗಕ್ಕೋ ಅಂಟಿಕೊಂಡಿದ್ದರೆ ಮೊದಲೇ ಕಟ್ಟರಿನಲ್ಲಿ ಕೊಯ್ದು ಬಿಡಿಸಬೇಕು. ಇಲ್ಲವಾದರೆ ಏಳುವ ಹಾಸು ಅಲ್ಲಿ ಸೀಳುತ್ತದೆ.

ಪಾಲಿಯುರೆಥೇನ್ ಫೋಮಿನ ಕ್ರಮದಲ್ಲಿ ತೂತು ಸಣ್ಣದು, ಸುಮಾರು 16 ಮಿ.ಮೀ. ಎರಡು ದ್ರವಗಳು ಬಂದೂಕಿನಂಥ ಉಪಕರಣದ ತುದಿಯಲ್ಲಿ ಬೆರೆತು, ಅಡಿಯಲ್ಲಿ ಸೆಕೆಂಡುಗಳೊಳಗೆ ಉಬ್ಬಿ, ಕಾಲು ಗಂಟೆಯಷ್ಟರಲ್ಲಿ ಗಟ್ಟಿಯಾಗುತ್ತವೆ. ಇದರ ದೊಡ್ಡ ಗುಣ ಹಗುರತನ. ಆಗಲೇ ಹೇಳಿದ ಪೋರ್ಟಿಕೊದ ಅಡಿಯಲ್ಲಿ ಸರಾಸರಿ 25 ಮಿ.ಮೀ. ಪೊಳ್ಳು ಇದ್ದರೆ ಅದನ್ನು ತುಂಬಲು ಗ್ರೌಟ್ ಆರುನೂರು ಕೆ.ಜಿ.ಗೂ ಮಿಕ್ಕಿ ಬೇಕು. ಘನ ಮೀಟರಿಗೆ 50 ಕೆ.ಜಿ. ತೂಗುವ ಫೋಮ್ ಆದರೆ ಇಪ್ಪತ್ತು ಕೆ.ಜಿ.ಯೊಳಗೆ ಮುಗಿಯುತ್ತದೆ. ಬೈಲು ತುಂಬಿಸಿದ ಮೆದು ನೆಲಕ್ಕೆ ಇದು ಸಣ್ಣ ಲಾಭವಲ್ಲ. ಆದರೆ ಖರ್ಚು ಹೆಚ್ಚು, ಯಂತ್ರ ಬೇಕು, ನುರಿತ ಕೈ ಬೇಕು. ಉಬ್ಬುವ ವೇಗ ಹೆಚ್ಚಿರುವುದರಿಂದ ಅತಿಯಾಗಿ ಎತ್ತಿದರೆ ಮತ್ತೆ ಇಳಿಸುವಂತಿಲ್ಲ. ಗಟ್ಟಿಯಾಗುವ ಮೊದಲು ಅದರ ದ್ರವ ಚರ್ಮಕ್ಕೂ ಶ್ವಾಸಕೋಶಕ್ಕೂ ಕೆಟ್ಟದ್ದು, ಆದ್ದರಿಂದ ಕೈಗವಸು, ಮುಖಗವಸು ಇಲ್ಲದೆ ಕೆಲಸ ಮಾಡುವವರನ್ನು ಗೇಟಿನಿಂದಲೇ ಹಿಂದಕ್ಕೆ ಕಳುಹಿಸಿ. ನೀರು ತಾಗಿದರೆ ಗುಣ ಕೆಡದ ಬಗೆಯ ಫೋಮನ್ನೇ ನಮ್ಮ ತೇವದ ನೆಲಕ್ಕೆ ಕೇಳಿ ಪಡೆಯಬೇಕು. ಫೋಮ್ ಕೂಡ ಹರಿಯುವ ನೀರನ್ನು ತಡೆಯುವುದಿಲ್ಲ. ನೀರು ಫೋಮಿನ ಕೆಳಗಿನ ಮಣ್ಣನ್ನು ಒಯ್ಯುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಬೇಕು. ನಮ್ಮ ಹೆಚ್ಚಿನ ಅಂಗಳಗಳಿಗೆ ಈ ಎರಡೂ ಕ್ರಮಗಳು ಬೇಡ. ಮಾತಿನಲ್ಲಿ ನಾಲ್ಕಿಂಚು ಎಂದಿದ್ದ ಕಾಂಕ್ರೀಟ್ ಕೊರೆದು ನೋಡಿದರೆ ಎರಡೂವರೆ ಇಂಚು ಇರುತ್ತದೆ, ಒಳಗೆ ಕಂಬಿ ಇರುವುದಿಲ್ಲ, ಸಂದು ಕೊಯ್ದಿರುವುದಿಲ್ಲ. ಅಂಥ ಹಾಸು ಈಗಾಗಲೇ ನಾಲ್ಕೈದು ತುಂಡಾಗಿರುತ್ತದೆ. ತುಂಡುಗಳನ್ನು ಒಂದೇ ಮಟ್ಟಕ್ಕೆ ಎತ್ತುವುದು ಕಷ್ಟ, ಎತ್ತಿದರೂ ನಿಲ್ಲಿಸುವುದು ಇನ್ನೂ ಕಷ್ಟ. ಹಾಸು ದಪ್ಪವಾಗಿ, ಇಡಿಯಾಗಿ, ಒಂದು ಬದಿಗೆ ವಾಲಿ ನಿಂತಿದ್ದು, ಮಣ್ಣು ಕುಗ್ಗಿ ಮುಗಿದಿದ್ದು, ನೀರಿನ ದಾರಿ ಸರಿಯಾಗಿದ್ದರೆ ಎತ್ತುವುದೇ ಮೇಲು. ಉಳಿದ ಕಡೆ ಒಡೆದು ತೆಗೆದು ಮತ್ತೆ ಹಾಕುವುದರಲ್ಲಿ ಹಣವೂ ಉಳಿಯುತ್ತದೆ, ಅಡಿಯಲ್ಲಿ ಏನಾಗಿದೆ ಎಂಬುದನ್ನು ಕಣ್ಣಾರೆ ಕಂಡಂತೆಯೂ ಆಗುತ್ತದೆ.

ಮತ್ತೆ ಹಾಕುವಾಗ ಗಟ್ಟಿಯಾಗಿ ನಿಂತು ಮಾಡಿಸಬೇಕಾದದ್ದು ಮಣ್ಣಿನ ಕೆಲಸವನ್ನು. ಶೇಡಿಯನ್ನೂ ಕೆಸರನ್ನೂ ತೆಗೆದು ಹಾಕಿ, ಹರಳು ಇರುವ ಕೆಂಪುಮಣ್ಣನ್ನೋ ಜಲ್ಲಿಹುಡಿ ಬೆರೆತ ಜಲ್ಲಿಯನ್ನೋ 150 ಮಿ.ಮೀ. ಪದರಗಳಲ್ಲಿ ಹರಡಿ, ಪ್ರತಿ ಪದರಕ್ಕೂ ಪ್ಲೇಟ್ ಕಂಪ್ಯಾಕ್ಟರ್ (ಮಣ್ಣು ಬಿಗಿಮಾಡುವ ಯಂತ್ರ) ಓಡಿಸಬೇಕು. ಮಣ್ಣಿನ ತೇವ ಒಂದು ಹದದಲ್ಲಿದ್ದಾಗ ಮಾತ್ರ ಅದು ಅತಿ ಹೆಚ್ಚು ಬಿಗಿಯಾಗುತ್ತದೆ ಎಂದು ಅಮೆರಿಕದ ಎಂಜಿನಿಯರ್ ಪ್ರಾಕ್ಟರ್ 1933ರಲ್ಲಿ ತೋರಿಸಿಕೊಟ್ಟರು. ಮಣ್ಣಿನ ಪರೀಕ್ಷೆಗಿರುವ ನಮ್ಮ ಭಾರತೀಯ ಮಾನಕ ಐಎಸ್ 2720ರ ಪರೀಕ್ಷೆಗಳಿಗೂ ಅದೇ ತಳಹದಿ. ಅಂಗಳದ ಕೆಲಸಕ್ಕೆ ಪ್ರಯೋಗಾಲಯ ಬೇಕಿಲ್ಲ. ಮುಷ್ಟಿಯಲ್ಲಿ ಹಿಂಡಿದ ಮಣ್ಣು ಉಂಡೆಯಾಗಿ ನಿಲ್ಲಬೇಕು, ಅಂಗೈಗೆ ನೀರು ಬಿಡಬಾರದು, ಬೆರಳಲ್ಲಿ ಒತ್ತಿದಾಗ ಎರಡು ಮೂರು ತುಂಡಾಗಬೇಕು. ಕಾಂಕ್ರೀಟ್ 100 ಮಿ.ಮೀ. ಇರಲಿ, ಎರಡೂವರೆಯಿಂದ ಮೂರು ಮೀಟರಿಗೊಂದು ಸಂದನ್ನು, ದಪ್ಪದ ಕಾಲು ಭಾಗ ಆಳಕ್ಕೆ, ಮಾರನೆಯ ದಿನದೊಳಗೆ ಕೊಯ್ಯಿಸಿ. ಗೋಡೆಗೂ ಕಂಬಕ್ಕೂ ತಾಗುವಲ್ಲಿ ಥರ್ಮೊಕೋಲಿನ ಪಟ್ಟಿ ಇಟ್ಟು ಬೇರ್ಪಡಿಸಿ, ಆಮೇಲೆ ಮೇಲ್ಭಾಗವನ್ನು ಸೀಲೆಂಟಿನಿಂದ ಮುಚ್ಚಿ. ಮನೆಯಿಂದ ಹೊರಕ್ಕೆ 50ಕ್ಕೆ 1ರಂತೆ ಇಳಿಜಾರು ಕೊಟ್ಟರೆ, ಅಂದರೆ ಮೀಟರಿಗೆ 2 ಸೆಂ.ಮೀ., ನಮ್ಮ ಮಳೆಗೆ ಸಾಕು. ಐಎಸ್ 456:2000ರ ಪ್ರಕಾರ ಬೂದಿ ಬೆರೆತ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರುಣಿಸಬೇಕು. ಅಂಗಡಿಯಲ್ಲಿ ಪಿಪಿಸಿ ಎಂದು ಸಿಗುವುದು ಅಂಥದ್ದೇ.

ಕಾಂಕ್ರೀಟಿನ ಬದಲು ಇಂಟರ್‌ಲಾಕ್ (ಒಂದಕ್ಕೊಂದು ಜೋಡಿಸುವ ನೆಲಗಲ್ಲು) ಹಾಕಿದವರಿಗೆ ಈ ತಾಪತ್ರಯವಿಲ್ಲ. ಕುಸಿದಷ್ಟು ಜಾಗದ ಕಲ್ಲುಗಳನ್ನು ಕಿತ್ತು, ಅಡಿ ಸರಿಪಡಿಸಿ, ಅದೇ ಕಲ್ಲುಗಳನ್ನು ಮತ್ತೆ ಜೋಡಿಸಬಹುದು. ತುಂಬಿಸಿದ ನೆಲಕ್ಕೆ ಮೊದಲ ಕೆಲವು ವರ್ಷ ಇಂಟರ್‌ಲಾಕ್ ಹಾಕಿ, ನೆಲ ಕೂತ ಮೇಲೆ ಬೇಕಿದ್ದರೆ ಕಾಂಕ್ರೀಟ್ ಹಾಕುವುದು ನನ್ನ ಸಲಹೆ.

ಸಭಿಕರೊಬ್ಬರು, ಕುಸಿದ ಹಾಸಿನ ಮೇಲೆಯೇ ಇನ್ನೊಂದು ಪದರ ಕಾಂಕ್ರೀಟ್ ಹಾಕಿದರೆ ಸಾಲದೇ ಎಂದು ಕೇಳಿದರು. 40 ಮಿ.ಮೀ. ಪದರ ಚದರ ಮೀಟರಿಗೆ 96 ಕೆ.ಜಿ. ಹೊಸ ಭಾರ ಹೇರುತ್ತದೆ; ಅಡಿಯಲ್ಲಿ ಪೊಳ್ಳು ಇರುವ ಹಾಸು ಅದನ್ನು ಹೊರುವುದು ಸಂಶಯ. ಅಂಚಿನಲ್ಲಿ ತೆಳ್ಳಗಾದಲ್ಲಿ ಪದರ ಎದ್ದು ಬರುತ್ತದೆ. ಎರಡು ಬಾರಿ ಹೀಗೆ ಮಾಡಿದವರ ಮನೆಯಲ್ಲಿ ಅಂಗಳ ಜಗಲಿಯ ಮಟ್ಟಕ್ಕೆ ಬಂದು, ನೀರು ಹೊಸಿಲು ದಾಟಿದ್ದನ್ನೂ ಕಂಡಿದ್ದೇನೆ.

ಮಳೆನೀರು ಇಂಗಿಸಬೇಕೆಂದು ಎಲ್ಲರೂ ಹೇಳುತ್ತಾರೆ, ನೀವು ಚರಂಡಿಗೆ ಬಿಡಿ ಎನ್ನುತ್ತೀರಲ್ಲ ಎಂದು ಇನ್ನೊಬ್ಬರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ. ಪದವಿನ (ಗುಡ್ಡದ ಮೇಲಿನ ಬಯಲಿನ) ಸಮತಟ್ಟು ನೆಲದಲ್ಲಿ, ಮನೆಯಿಂದಲೂ ಹಾಸಿನಿಂದಲೂ ಮೂರು ಮೀಟರಿಗೂ ದೂರದಲ್ಲಿ ಇಂಗುಗುಂಡಿ ಮಾಡಿ, ಇಲ್ಲವೇ ಸೋಸಿ ತೆರೆದ ಬಾವಿಗೆ ಬಿಡಿ. ಆದರೆ ಶೇಡಿ ಇರುವ ಕಡಿದಾದ ದರೆಯ ತಲೆಯ ಮೇಲೆ ಇಂಗುಗುಂಡಿ ತೋಡುವುದು ಕೆಳಗಿನ ಮನೆಯವರಿಗೆ ಅಪಾಯ ತಂದಿಟ್ಟಂತೆ. ಅಲ್ಲಿ ನೀರನ್ನು ಪೈಪಿನಲ್ಲಿ ಕೆಳಗಿನ ತೋಡಿಗೆ ಇಳಿಸಿಬಿಡುವುದೇ ಸರಿ.

ಕೆಲಸ ಯಾವಾಗ ಮಾಡಿಸಬೇಕು, ಹಣ ಹೇಗೆ ಕೊಡಬೇಕು ಎಂಬುದು ಕೊನೆಯ ಪ್ರಶ್ನೆಯಾಗಿತ್ತು. ಈ ಮಳೆಗಾಲದಲ್ಲಿ ನೋಡಿ ಅಳೆದಿಟ್ಟುಕೊಳ್ಳಿ. ನವರಾತ್ರಿ ಕಳೆದು ನೆಲ ಆರಿದ ಮೇಲೆ ಮಣ್ಣಿನ ಮತ್ತು ಕಾಂಕ್ರೀಟಿನ ಕೆಲಸ ಹಿಡಿಯಿರಿ. ಶೀಟಿನ ದೋಣಿ, ಪೈಪು, ಚೇಂಬರುಗಳು ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಮುಗಿದಿರಲಿ. ಎತ್ತುವ ಗುತ್ತಿಗೆಯಾದರೆ ಕೆಲಸ ಮುಗಿದ ದಿನ ನಾಲ್ಕು ಮೂಲೆಗಳ ಮಟ್ಟವನ್ನು, ಮನೆಯ ಪಂಚಾಂಗದ ಮೇಲೆ ಹಾಕಿದ ಒಂದು ಗುರುತಿನಿಂದ ಪೈಪುಮಟ್ಟದಲ್ಲಿ ಅಳೆದು, ಇಬ್ಬರೂ ಸಹಿ ಮಾಡಿ ಇಟ್ಟುಕೊಳ್ಳಿ. ಹಣದಲ್ಲಿ ಒಂದು ಪಾಲನ್ನು ತಡೆಹಿಡಿಯುವುದಾಗಿ ಮೊದಲೇ ಬರೆದುಕೊಂಡು, ಮುಂದಿನ ದೀಪಾವಳಿಯ ಹೊತ್ತಿಗೆ ಅದೇ ಗುರುತಿನಿಂದ ಮತ್ತೆ ಅಳೆದು, ವ್ಯತ್ಯಾಸ 5 ಮಿ.ಮೀ.ಯೊಳಗಿದ್ದರೆ ಆ ಬಾಕಿಯನ್ನು ಪಾವತಿ ಮಾಡಿ.